ಹಣ ನಿಲ್ಲಿಸಿ ಬಾಂಬ್ ನಿಲ್ಲಿಸಿದ್ದು: ಕಾಂಬೋಡಿಯ, 1973

1973ರ ಆಗಸ್ಟ್ 15ಕ್ಕೆ ಕಾಂಬೋಡಿಯದ ಮೇಲೆ ಅಮೆರಿಕದ ಬಾಂಬ್ ದಾಳಿ ನಿಂತಿತು. ಆಗ ಅಲ್ಲಿ ಯಾವ ಶಾಂತಿ ಒಪ್ಪಂದವೂ ಆಗಿರಲಿಲ್ಲ, ಯುದ್ಧದಲ್ಲಿ ಯಾರೂ ಗೆದ್ದಿರಲಿಲ್ಲ. ಆ ದಿನದ ನಂತರ ಈ ಯುದ್ಧಕ್ಕೆ ಒಂದು ಡಾಲರೂ ಖರ್ಚು ಮಾಡುವಂತಿಲ್ಲ ಅಂತ ಅಮೆರಿಕದ ಸಂಸತ್ತು, ಅಂದರೆ ಅಲ್ಲಿನ ಕಾಂಗ್ರೆಸ್, ಕಾಯ್ದೆ ಮಾಡಿತ್ತು. ಅಧ್ಯಕ್ಷ ರಿಚರ್ಡ್ ನಿಕ್ಸನ್‌ಗೆ ಅದು ಒಂಚೂರೂ ಇಷ್ಟ ಇರಲಿಲ್ಲ. ಆದರೂ ಸಹಿ ಹಾಕಬೇಕಾಯಿತು.

ದೊಡ್ಡ ದೇಶವೊಂದು ಇನ್ನೊಬ್ಬರ ಯುದ್ಧಕ್ಕೆ ಕೈ ಹಾಕಿದಾಗಲೆಲ್ಲ ಜನ ಕೇಳುವ ಪ್ರಶ್ನೆ ಒಂದೇ: ನಾವು ಆರಿಸಿ ಕಳಿಸಿದವರು ಇದನ್ನು ತಡೆಯೋಕೆ ಆಗಲ್ವಾ? ತಡೆಯಬಹುದು. ಆದರೆ ಹೇಗೆ, ಎಷ್ಟು ಬೆಲೆ ಕೊಟ್ಟು ಅನ್ನುವುದು ಈ ಒಂದು ಪ್ರಕರಣದಲ್ಲಿ ಕಾಣಿಸುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಿಸುವುದಿಲ್ಲ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಪ್ರಕಾರ ಇಡೀ ಪ್ರಕರಣ ನಿಂತಿರುವುದು ಒಂದು ಲೆಕ್ಕದ ಮೇಲೆ. ಯುದ್ಧ ನಿಲ್ಲಿಸಿ ಅಂತ ಕಾಂಗ್ರೆಸ್ ಕಾಯ್ದೆ ಮಾಡಿದರೆ ಅಧ್ಯಕ್ಷರು ವೀಟೊ ಹಾಕುತ್ತಾರೆ, ಅಂದರೆ ಸಹಿ ಹಾಕದೆ ತಿರಸ್ಕರಿಸುತ್ತಾರೆ. ವೀಟೊ ಮುರಿಯಲು ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಆದರೆ ಹಣವನ್ನೇ ಮಂಜೂರು ಮಾಡದೆ ಕೂತರೆ ವೀಟೊ ಹಾಕಲು ಅಲ್ಲಿ ಏನೂ ಇರುವುದಿಲ್ಲ. ಒಂದು ಮನೆಯಲ್ಲಿ ಅರ್ಧಕ್ಕಿಂತ ಒಂದು ಮತ ಜಾಸ್ತಿ ಇದ್ದರೂ ಸಾಕು.

ಕಾನೂನಿಲ್ಲದೆ ಬೊಕ್ಕಸದಿಂದ ಹಣ ತೆಗೆಯುವಂತಿಲ್ಲ ಅಂತ ಅವರ ಸಂವಿಧಾನದಲ್ಲೇ ಬರೆದಿದೆ. ಮಂಜೂರಾಗದ ಹಣ ಖರ್ಚು ಮಾಡಿದ ಅಧಿಕಾರಿಗೆ ಶಿಕ್ಷೆ ಕೊಡುವ ಕಾಯ್ದೆಯೂ ಇದೆ. ಹಾಗಾಗಿ ಹಣದ ನಿರ್ಬಂಧ ಅಂದರೆ ಅಧ್ಯಕ್ಷರಿಗೆ ಹೇಳುವ ಬುದ್ಧಿಮಾತಲ್ಲ. ಬಿಲ್ಲಿಗೆ ಸಹಿ ಹಾಕುವ ಅಧಿಕಾರಿಯ ಕೈ ಹಿಡಿಯುವ ಮಾತು.

ಅರ್ಧ ಮುಚ್ಚಿದ ಬಾಗಿಲು

1964ರ ಆಗಸ್ಟ್‌ನಲ್ಲಿ ವಿಯೆಟ್ನಾಂ ಯುದ್ಧಕ್ಕೆ ದಾರಿ ಮಾಡಿಕೊಟ್ಟ ಟಾಂಕಿನ್ ಕೊಲ್ಲಿ ನಿರ್ಣಯ ಪಾಸಾಯಿತು. ಕೆಳಮನೆ ಹೌಸ್‌ನಲ್ಲಿ 416-0, ಮೇಲ್ಮನೆ ಸೆನೆಟ್‌ನಲ್ಲಿ 88-2. ಆಗ್ನೇಯ ಏಷ್ಯಾದಲ್ಲಿ ಬೇಕಾದ್ದು ಮಾಡಿ ಅಂತ ಅಧ್ಯಕ್ಷರ ಕೈಗೆ ಖಾಲಿ ಚೆಕ್ ಕೊಟ್ಟ ಹಾಗಾಯಿತು. ವಿರೋಧಿಸಿದ ಇಬ್ಬರು ಸೆನೆಟರ್‌ಗಳು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಆ ಹೆಸರುಗಳನ್ನು ನೆನಪಿಡಬೇಕು ಅನ್ನಿಸುತ್ತದೆ. ಅಷ್ಟು ಒಮ್ಮತದ ನಡುವೆ ಬೇಡ ಅನ್ನಲು ಎಂಥ ಎದೆ ಬೇಕು!

1969ರ ಮಾರ್ಚ್ 18ಕ್ಕೆ ಕಾಂಬೋಡಿಯದ ಮೇಲೆ ಬಿ-52 ವಿಮಾನಗಳ ಗುಪ್ತ ದಾಳಿ ಶುರುವಾಯಿತು. ಆಪರೇಷನ್ ಮೆನು ಅಂತ ಹೆಸರು. 14 ತಿಂಗಳು ನಡೆಯಿತು. ಕಾಂಬೋಡಿಯ ಆಗ ತಟಸ್ಥ ದೇಶ, ಆದರೆ ವಿಯೆಟ್ನಾಂ ಗಡಿಯ ಅದರ ಕಾಡುಗಳಲ್ಲಿ ಉತ್ತರ ವಿಯೆಟ್ನಾಂ ಸೈನಿಕರ ನೆಲೆಗಳಿದ್ದವು. ದಾಳಿ ಅಲ್ಲಿ, ದಾಖಲೆ ಇಲ್ಲಿ: ಬಾಂಬ್ ಬಿದ್ದದ್ದು ದಕ್ಷಿಣ ವಿಯೆಟ್ನಾಂನಲ್ಲಿ ಅಂತ ವಾಯುಪಡೆಯ ಪುಸ್ತಕದಲ್ಲಿ ಸುಳ್ಳು ಬರೆದರು. ಹಣ ಕೊಟ್ಟ ಸಂಸತ್ತಿಗೇ ಆ ಹಣ ಎಲ್ಲಿ ಖರ್ಚಾಗುತ್ತಿದೆ ಅಂತ ಗೊತ್ತಿರಲಿಲ್ಲ. ಈ ಒಂದು ವಿಷಯ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಲೆಕ್ಕವನ್ನೇ ಸುಳ್ಳು ಕೊಟ್ಟರೆ ಹಣದ ಮೇಲಿನ ಹಿಡಿತಕ್ಕೆ ಅರ್ಥವೇ ಇಲ್ಲ.

1970ರ ಮಾರ್ಚ್‌ನಲ್ಲಿ ರಾಜಕುಮಾರ ಸಿಹಾನೂಕ್‌ನನ್ನು ಕೆಳಗಿಳಿಸಿ ಜನರಲ್ ಲಾನ್ ನಾಲ್ ಅಧಿಕಾರಕ್ಕೆ ಬಂದ. ಏಪ್ರಿಲ್ 30ಕ್ಕೆ ನಿಕ್ಸನ್ ಟಿವಿಯಲ್ಲಿ ಬಂದು, ಅಮೆರಿಕದ ಪಡೆಗಳು ಕಾಂಬೋಡಿಯದೊಳಗೆ ಹೋಗುತ್ತಿವೆ ಅಂತ ಹೇಳಿದರು. ಕಾಲೇಜುಗಳು ಹೊತ್ತಿ ಉರಿದವು. ಮೇ 4ರಂದು ಓಹಾಯೊದ ಕೆಂಟ್ ಸ್ಟೇಟ್‌ನಲ್ಲಿ ನ್ಯಾಷನಲ್ ಗಾರ್ಡ್ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಸತ್ತರು.

ಆಗ ಇಬ್ಬರು ಸೆನೆಟರ್‌ಗಳು ಎದ್ದು ನಿಂತರು. ಒಬ್ಬರು ಐಡಹೊದ ಫ್ರಾಂಕ್ ಚರ್ಚ್, ಡೆಮಾಕ್ರಟ್. ಇನ್ನೊಬ್ಬರು ಕೆಂಟಕಿಯ ಜಾನ್ ಶೆರ್ಮನ್ ಕೂಪರ್, ನಿಕ್ಸನ್ ಅವರದೇ ರಿಪಬ್ಲಿಕನ್ ಪಕ್ಷದವರು. ಈ ಕೂಪರ್ 1955-56ರಲ್ಲಿ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು. ಕಾಂಬೋಡಿಯದಲ್ಲಿ ಸೈನ್ಯ ಇಡಲು ಹಣ ಇಲ್ಲ ಅನ್ನುವ ಇವರ ತಿದ್ದುಪಡಿ ಜೂನ್ 30ಕ್ಕೆ ಸೆನೆಟ್‌ನಲ್ಲಿ 58-37ರಿಂದ ಗೆದ್ದಿತು. ಹೌಸ್‌ನಲ್ಲಿ ಬಿದ್ದಿತು. ಕೊನೆಗೆ ತೆಳು ಮಾಡಿದ ಒಂದು ರೂಪ 1971ರ ಜನವರಿಯಲ್ಲಿ ಕಾಯ್ದೆಯಾಯಿತು: ಕಾಂಬೋಡಿಯಕ್ಕೆ ನೆಲದ ಮೇಲಿನ ಸೈನ್ಯವನ್ನೂ ಸಲಹೆಗಾರರನ್ನೂ ಕಳಿಸುವಂತಿಲ್ಲ. ವಿಮಾನದ ಮಾತು ಅದರಲ್ಲಿ ಇರಲಿಲ್ಲ.

ಇದು ಮರೆವಲ್ಲ, ಮತ ಸಾಲದೆ ಮಾಡಿಕೊಂಡ ರಾಜಿ. ಆದರೆ ಪರಿಣಾಮ ನೋಡಿ. ನೆಲದ ಬಾಗಿಲು ಮುಚ್ಚಿತು, ಆಕಾಶದ ಬಾಗಿಲು ತೆರೆದೇ ಉಳಿಯಿತು. ಮುಂದಿನ ಎರಡೂವರೆ ವರ್ಷ ಯುದ್ಧ ಆ ತೆರೆದ ಬಾಗಿಲಿನಿಂದಲೇ ನಡೆಯಿತು.

ಪ್ಯಾರಿಸ್ ಒಪ್ಪಂದದ ನಂತರವೂ

1973ರ ಜನವರಿ 27ಕ್ಕೆ ವಿಯೆಟ್ನಾಂ ಯುದ್ಧ ನಿಲ್ಲಿಸುವ ಪ್ಯಾರಿಸ್ ಒಪ್ಪಂದ ಆಯಿತು. ಮಾರ್ಚ್ ಕೊನೆಗೆ ಅಮೆರಿಕದ ಕೊನೆಯ ಹೋರಾಟದ ಪಡೆ ವಿಯೆಟ್ನಾಂ ಬಿಟ್ಟಿತು. ಯುದ್ಧ ಕೈದಿಗಳು ಮನೆಗೆ ಬಂದರು. ಇಲ್ಲಿಯವರೆಗೆ ಕಾಂಬೋಡಿಯದ ದಾಳಿಗೆ ಸರ್ಕಾರ ಕೊಡುತ್ತಿದ್ದ ಕಾರಣ ಏನು? ಪಕ್ಕದ ವಿಯೆಟ್ನಾಂನಲ್ಲಿರುವ ನಮ್ಮ ಹುಡುಗರ ರಕ್ಷಣೆ ಅಂತ. ಈಗ ಹುಡುಗರು ಅಲ್ಲಿ ಇರಲಿಲ್ಲ. ಟಾಂಕಿನ್ ನಿರ್ಣಯವನ್ನೂ 1971ರಲ್ಲೇ ರದ್ದು ಮಾಡಿದ್ದಾಗಿತ್ತು. ಹಾಗಾದರೆ ಯಾವ ಕಾನೂನಿನ ಮೇಲೆ ಬಾಂಬ್ ಹಾಕುತ್ತಿದ್ದೀರಿ?

ಪ್ಯಾರಿಸ್ ಒಪ್ಪಂದದ 20ನೇ ವಿಧಿ ಅಂತ ಸರ್ಕಾರ ಉತ್ತರ ಕೊಟ್ಟಿತು. ಕಾಂಬೋಡಿಯ ಮತ್ತು ಲಾವೋಸ್‌ನಿಂದ ವಿದೇಶಿ ಪಡೆಗಳು ಹೊರಗೆ ಹೋಗಬೇಕು ಅಂತ ಆ ವಿಧಿ ಹೇಳುತ್ತದೆ. ಆ ಕಡೆಯವರು ಪಾಲಿಸುತ್ತಿಲ್ಲ, ಅದಕ್ಕೇ ನಾವು ಬಾಂಬ್ ಹಾಕುತ್ತೇವೆ ಅನ್ನುವ ವಾದ. ಸೆನೆಟ್ ಅನುಮೋದಿಸದ ಒಂದು ಒಪ್ಪಂದದ ಒಂದು ವಿಧಿಯೇ ಯುದ್ಧಕ್ಕೆ ಅನುಮತಿ ಅನ್ನುವುದಾದರೆ ಸಂಸತ್ತಿಗೆ ಕೆಲಸವೇ ಇಲ್ಲ ಅಲ್ವಾ?

ಅಷ್ಟು ಹೊತ್ತಿಗೆ ಅಲ್ಲಿನ ಹೋರಾಟ ಹೆಚ್ಚಾಗಿ ಲಾನ್ ನಾಲ್ ಸೇನೆ ಮತ್ತು ಕಮ್ಯುನಿಸ್ಟ್ ಬಂಡುಕೋರರಾದ ಖಮೇರ್ ರೂಜ್ ನಡುವಿನ ಅಂತರ್ಯುದ್ಧವಾಗಿತ್ತು. ದಾಳಿ ಕಡಿಮೆ ಆಗುವ ಬದಲು ಹೆಚ್ಚಾಯಿತು. ಫೆಬ್ರವರಿಯಿಂದ ಆಗಸ್ಟ್‌ವರೆಗೆ ಸುಮಾರು 2.5 ಲಕ್ಷ ಟನ್ ಬಾಂಬ್ ಬಿದ್ದಿತು. ಎರಡನೇ ಮಹಾಯುದ್ಧದಲ್ಲಿ, ಅಣುಬಾಂಬ್ ಬಿಟ್ಟು, ಜಪಾನ್ ಮೇಲೆ ಬಿದ್ದದ್ದು ಸುಮಾರು 1.6 ಲಕ್ಷ ಟನ್. ಭತ್ತದ ಗದ್ದೆಗಳ ಒಂದು ಸಣ್ಣ ದೇಶದ ಮೇಲೆ, ಬರೀ ಆರು ತಿಂಗಳಲ್ಲಿ, ಅದಕ್ಕಿಂತ ಜಾಸ್ತಿ.

ಗುರಿ ಯಾರು ಹೇಳುತ್ತಿದ್ದರು ಅನ್ನುವುದು ಗೊತ್ತಾಗಿದ್ದು ಸೆನೆಟ್‌ನ ವಿದೇಶಾಂಗ ಸಮಿತಿಯ ಇಬ್ಬರು ಸಿಬ್ಬಂದಿಯಿಂದ. ಜೇಮ್ಸ್ ಲೋವೆನ್‌ಸ್ಟೀನ್ ಮತ್ತು ರಿಚರ್ಡ್ ಮೂಸ್ 1973ರ ಏಪ್ರಿಲ್‌ನಲ್ಲಿ ಕಾಂಬೋಡಿಯದ ರಾಜಧಾನಿ ನಾಮ್ ಪೆನ್‌ಗೆ ಹೋಗಿದ್ದರು. ಸಾಧಾರಣ ರೇಡಿಯೊ ಒಂದರಲ್ಲಿ ವಿಮಾನದವರ ಮಾತು ಅವರ ಕಿವಿಗೆ ಬಿದ್ದಿತು. ಅಮೆರಿಕದ ರಾಯಭಾರ ಕಚೇರಿಯೇ ದಾಳಿಗಳನ್ನು ಹೊಂದಿಸುತ್ತಿತ್ತು. ಸಲಹೆಗಾರರು ಇರಬಾರದು ಅಂತ 1971ರ ಕಾಯ್ದೆ ಹೇಳಿದ್ದ ಜಾಗದಲ್ಲೇ ಇದು ನಡೆಯುತ್ತಿತ್ತು. ಇವರ ವರದಿ ವಾಷಿಂಗ್ಟನ್ ತಲುಪಿದ ಮೇಲೆ ಅಲ್ಲಿಯವರೆಗೆ ಸುಮ್ನೆ ಇದ್ದ ಹಲವರು ಮಾತಾಡತೊಡಗಿದರು.

ಇಲ್ಲಿ ಒಂದು ಮಾತು. ಕಾಯ್ದೆ ಮಾಡುವವರು ಸೆನೆಟರ್‌ಗಳಿರಬಹುದು. ಆದರೆ ಯಾರಾದರೂ ಅಲ್ಲಿಗೇ ಹೋಗಿ, ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ ಬರದಿದ್ದರೆ ಯಾವುದಕ್ಕೆ ಹಣ ನಿಲ್ಲಿಸಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಈ ಪ್ರಕರಣವನ್ನು ಹೇಳುವವರು ಆ ಇಬ್ಬರನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು.

ಮೇ ತಿಂಗಳ ಎರಡು ಮತ

ಮೇ 10ಕ್ಕೆ ಹೌಸ್‌ನಲ್ಲಿ ಪೂರಕ ಅಂದಾಜಿನ ಮಸೂದೆ ಬಂತು. ಒಂದು ಲೆಕ್ಕದಿಂದ ಇನ್ನೊಂದಕ್ಕೆ ಇನ್ನೂ 43 ಕೋಟಿ ಡಾಲರ್ ತಿರುಗಿಸಿಕೊಳ್ಳಲು ಬಿಡಿ ಅಂತ ರಕ್ಷಣಾ ಇಲಾಖೆ ಕೇಳಿತ್ತು. ಅದರಲ್ಲಿ ಕಾಂಬೋಡಿಯದ ಬಾಂಬಿನ ಖರ್ಚೂ ಸೇರಿತ್ತು. ನ್ಯೂಯಾರ್ಕ್‌ನ ಜೋಸೆಫ್ ಅಡಾಬೊ ಇದನ್ನು ತೆಗೆಯುವ ತಿದ್ದುಪಡಿ ತಂದರು. 219-188ರಿಂದ ಗೆದ್ದಿತು. ಅದೇ ದಿನ ಮೇರಿಲ್ಯಾಂಡ್‌ನ ಕ್ಲಾರೆನ್ಸ್ ಲಾಂಗ್ ತಂದ ತಿದ್ದುಪಡಿ, ಈ ಮಸೂದೆಯ ಯಾವ ಹಣವೂ ಕಾಂಬೋಡಿಯದ ಹೋರಾಟಕ್ಕೆ ಹೋಗಬಾರದು ಅನ್ನುವುದು, 224-172ರಿಂದ ಗೆದ್ದಿತು. ಅಷ್ಟು ವರ್ಷ ಯುದ್ಧ ನಡೆದಿದ್ದರೂ ಹೌಸ್ ಹೀಗೆ ಹಣ ಬೇಡ ಅಂದದ್ದು ಇದೇ ಮೊದಲು.

ರಕ್ಷಣಾ ಸಚಿವ ಎಲಿಯಟ್ ರಿಚರ್ಡ್‌ಸನ್ ಇದಕ್ಕೆ ಮೊದಲೇ ಉತ್ತರ ಕೊಟ್ಟಿದ್ದರು. ನೀವು ಈ ಹಣ ಕೊಡದಿದ್ದರೂ ಬೇರೆ ಲೆಕ್ಕದಲ್ಲಿರುವ ಹಣದಿಂದ ದಾಳಿ ಮುಂದುವರಿಸುತ್ತೇವೆ ಅಂತ. ಬಾಯಿ ಬಿಟ್ಟು ಹೇಳಿದ್ದಕ್ಕೆ ನಾನು ಅವರಿಗೆ ಒಂದು ರೀತಿಯಲ್ಲಿ ಕೃತಜ್ಞ, ಯಾಕೆಂದರೆ ತೂತು ಎಲ್ಲಿದೆ ಅಂತ ಇಡೀ ಕಾಂಗ್ರೆಸ್‌ಗೆ ಅದರಿಂದ ಗೊತ್ತಾಯಿತು. ಈ ಮಸೂದೆಯ ಹಣ ಬಳಸಬೇಡಿ ಅಂದರೆ ಹೋದ ವರ್ಷದ ಹಣ ಬಳಸುತ್ತಾರೆ. ಬಾಂಬ್‌ಗಳನ್ನು ಕೊಂಡದ್ದು, ಪೈಲಟ್‌ಗಳ ಸಂಬಳ, ವಿಮಾನದ ಇಂಧನ ಎಲ್ಲ ಬೇರೆ ಬೇರೆ ವರ್ಷಗಳ ಬೇರೆ ಬೇರೆ ಮಂಜೂರಾತಿಯಲ್ಲಿ ಕೂತಿದೆ.

ಮಿಸ್ಸೌರಿಯ ಸೆನೆಟರ್ ಥಾಮಸ್ ಈಗಲ್ಟನ್ ಆ ತೂತನ್ನು ಮುಚ್ಚಿದರು. 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದು, ಹಿಂದೆ ಖಿನ್ನತೆಗೆ ಚಿಕಿತ್ಸೆ ಪಡೆದಿದ್ದರು ಅನ್ನುವ ಕಾರಣಕ್ಕೆ ಕೆಲವೇ ದಿನಗಳಲ್ಲಿ ಆ ಸ್ಥಾನ ಬಿಡಬೇಕಾಗಿ ಬಂದವರು ಇವರೇ. ಅವರ ತಿದ್ದುಪಡಿ ಹೇಳಿದ್ದು ಇಷ್ಟು: ಈ ಕಾಯ್ದೆಯಲ್ಲಿ ಕೊಟ್ಟ ಹಣವಾಗಲಿ, ಇದಕ್ಕೆ ಮುಂಚೆ ಯಾವುದೇ ಕಾಯ್ದೆಯಲ್ಲಿ ಕೊಟ್ಟ ಹಣವಾಗಲಿ, ಕಾಂಬೋಡಿಯ ಮತ್ತು ಲಾವೋಸ್‌ನ ಒಳಗೆ, ಮೇಲೆ, ಅಥವಾ ಅವುಗಳ ಕರಾವಳಿಯಾಚೆಯಿಂದ ಅಮೆರಿಕದ ಪಡೆಗಳು ನಡೆಸುವ ಹೋರಾಟಕ್ಕೆ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಖರ್ಚಾಗಕೂಡದು.

ಒಂದೊಂದು ತುಂಡೂ ಒಂದೊಂದು ದಾರಿಯನ್ನು ಮುಚ್ಚುತ್ತದೆ. 'ಯಾವುದೇ ಕಾಯ್ದೆ' ಅನ್ನುವುದು ರಿಚರ್ಡ್‌ಸನ್ ದಾರಿಯನ್ನು. 'ಮೇಲೆ' ಅನ್ನುವುದು 1971ರಲ್ಲಿ ಬಿಟ್ಟಿದ್ದ ಆಕಾಶದ ದಾರಿಯನ್ನು. 'ಕರಾವಳಿಯಾಚೆ' ಅನ್ನುವುದು ಸಮುದ್ರದ ಹಡಗುಗಳ ದಾರಿಯನ್ನು. ಮೇ 31ಕ್ಕೆ ಸೆನೆಟ್ ಇದನ್ನು 63-19ರಿಂದ ಒಪ್ಪಿತು. ನಿಕ್ಸನ್ ಪಕ್ಷದವರಲ್ಲೂ ಹಲವರು ಕೈ ಎತ್ತಿದ್ದರು.

ಜೂನ್ ಕೊನೆಯ ವಾರ

ಆ ಕಾಲದಲ್ಲಿ ಅಮೆರಿಕದ ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯುತ್ತಿತ್ತು. ಈ ದಿನಾಂಕ ಇಲ್ಲದಿದ್ದರೆ ಈ ಪ್ರಕರಣವೇ ಬೇರೆ ಆಗುತ್ತಿತ್ತು.

ಜೂನ್ 27ಕ್ಕೆ ಈಗಲ್ಟನ್ ತಿದ್ದುಪಡಿ ಇದ್ದ ಪೂರಕ ಅಂದಾಜಿಗೆ ನಿಕ್ಸನ್ ವೀಟೊ ಹಾಕಿದರು. ಅದೇ ದಿನ ಹೌಸ್ ವೀಟೊ ಮುರಿಯಲು ಮತ ಹಾಕಿತು: ಪರ 241, ವಿರುದ್ಧ 173. ಬಹುಮತವೇನೋ ದೊಡ್ಡದೇ, ಮೂರನೇ ಎರಡಕ್ಕೆ 35 ಮತ ಕಡಿಮೆ ಬಿತ್ತು. ವೀಟೊ ಉಳಿಯಿತು.

ಇಲ್ಲಿಗೆ ನಿಕ್ಸನ್ ಗೆದ್ದಂತೆ ಕಾಣಿಸುತ್ತದೆ. ಗೆದ್ದಿರಲಿಲ್ಲ. ವೀಟೊ ಹಾಕಿದರೆ ನಿರ್ಬಂಧದ ಜೊತೆ ಹಣವೂ ಹೋಯಿತು. ಸರ್ಕಾರದ ಹಲವು ಇಲಾಖೆಗಳಿಗೆ ಬೇಕಾದ ಹಣ ಆ ಮಸೂದೆಯಲ್ಲೇ ಇತ್ತು. ಜುಲೈ 1ರಿಂದ ಸರ್ಕಾರ ನಡೆಯಲು ನಮ್ಮ ಲೇಖಾನುದಾನದಂಥ ಒಂದು ತಾತ್ಕಾಲಿಕ ನಿರ್ಣಯ ಬೇಕಿತ್ತು, ಸಾಲದ ಮಿತಿ ಏರಿಸುವ ಮಸೂದೆಯೂ ಪಾಸಾಗಬೇಕಿತ್ತು. ಬೇಕಾದಷ್ಟು ಸಲ, ಬೇಕಾದಷ್ಟು ಮಸೂದೆಗಳಿಗೆ ಇದೇ ತಿದ್ದುಪಡಿ ಕಟ್ಟುತ್ತೇವೆ ಅಂತ ಸೆನೆಟ್‌ನ ಬಹುಮತದ ನಾಯಕ ಮೈಕ್ ಮ್ಯಾನ್ಸ್‌ಫೀಲ್ಡ್ ಹೇಳಿದರು. ಅದೇ ವಾರ, ನಿಕ್ಸನ್ ಕಡೆಯವರ ವಾಟರ್‌ಗೇಟ್ ಹಗರಣವನ್ನು ತನಿಖೆ ಮಾಡುತ್ತಿದ್ದ ಸೆನೆಟ್ ಸಮಿತಿಯ ಮುಂದೆ ಅಧ್ಯಕ್ಷರ ಮಾಜಿ ವಕೀಲ ಜಾನ್ ಡೀನ್ ದಿನಗಟ್ಟಲೆ ಸಾಕ್ಷಿ ಹೇಳುತ್ತಿದ್ದರು. ಅಧ್ಯಕ್ಷರ ಮಾತಿಗೆ ಆಗ ಮೊದಲಿನ ತೂಕ ಇರಲಿಲ್ಲ.

ನಮ್ಮಲ್ಲಿ ಇಂಥ ಜಗ್ಗಾಟ ಯಾಕೆ ನಡೆಯುವುದಿಲ್ಲ ಅಂತ ಕೇಳಬಹುದು. ಲೋಕಸಭೆಯಲ್ಲಿ ರಕ್ಷಣಾ ಇಲಾಖೆಯ ಬೇಡಿಕೆಯ ಮೇಲೆ ಕಟ್ ಮೋಷನ್, ಅಂದರೆ ಹಣ ಕಡಿತದ ಸೂಚನೆ, ಪಾಸಾದರೆ ಸರ್ಕಾರವೇ ಬಿದ್ದ ಹಾಗೆ. ಹಾಗಾಗಿ ಆಡಳಿತ ಪಕ್ಷದ ಸದಸ್ಯರು ಅದಕ್ಕೆ ಮತ ಹಾಕುವುದಿಲ್ಲ, ಎಷ್ಟೋ ಇಲಾಖೆಗಳ ಬೇಡಿಕೆ ಚರ್ಚೆಯೇ ಇಲ್ಲದೆ ಒಟ್ಟಿಗೆ ಪಾಸಾಗುತ್ತವೆ. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿ ನಮ್ಮ ಶಾಂತಿ ಪಾಲನಾ ಪಡೆ ಇತ್ತು, ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತರು. ಆ ಪಡೆ ವಾಪಸ್ ಬಂದದ್ದು ಅಲ್ಲಿನ ಅಧ್ಯಕ್ಷ ಪ್ರೇಮದಾಸ ಹೋಗಿ ಅಂದದ್ದರಿಂದ, ಇಲ್ಲಿ ಚುನಾವಣೆಯಲ್ಲಿ ಸರ್ಕಾರ ಬದಲಾದದ್ದರಿಂದ. ಸಂಸತ್ತು ಹಣ ತಡೆದು ವಾಪಸ್ ಕರೆಸಿದ್ದಲ್ಲ. ಅಮೆರಿಕದಲ್ಲಿ ಮಸೂದೆ ಬಿದ್ದರೂ ಅಧ್ಯಕ್ಷರು ಬೀಳುವುದಿಲ್ಲ. ಅದಕ್ಕೇ ಅಲ್ಲಿನ ಸದಸ್ಯರಿಗೆ ತಮ್ಮ ಪಕ್ಷದ ಅಧ್ಯಕ್ಷರ ವಿರುದ್ಧ ಮತ ಹಾಕುವ ಸ್ವಾತಂತ್ರ್ಯ ಇರುತ್ತದೆ.

ಜೂನ್ 29ಕ್ಕೆ ರಾಜಿ ಆಯಿತು. ಕ್ಯಾಲಿಫೋರ್ನಿಯದ ಸಾನ್ ಕ್ಲೆಮೆಂಟೆಯಲ್ಲಿದ್ದ ನಿಕ್ಸನ್, ಆಗಸ್ಟ್ 15ರವರೆಗೆ ಸಮಯ ಕೊಡಿ, ಆಮೇಲೆ ಒಪ್ಪುತ್ತೇನೆ ಅಂದರು. ಹೌಸ್‌ನಲ್ಲಿ ರಿಪಬ್ಲಿಕನ್ ನಾಯಕರಾಗಿದ್ದ ಜೆರಾಲ್ಡ್ ಫೋರ್ಡ್ ಈ ಮಾತು ತಂದಾಗ ಸದಸ್ಯರಿಗೆ ನಂಬಿಕೆ ಬರಲಿಲ್ಲ. ಫೋರ್ಡ್ ಹೊರಗೆ ಹೋಗಿ ಅಧ್ಯಕ್ಷರಿಗೇ ಫೋನ್ ಮಾಡಿ, ಬಂದು, ಹೌದು ಅಂತ ಖಚಿತ ಮಾಡಿದರು. ಬದಲಿಗೆ ಕಾಂಗ್ರೆಸ್‌ಗೆ ಒಂದು ದೊಡ್ಡ ಲಾಭ ಸಿಕ್ಕಿತು: ನಿರ್ಬಂಧ ಕಾಂಬೋಡಿಯ, ಲಾವೋಸ್‌ಗಷ್ಟೇ ಅಲ್ಲ, ಉತ್ತರ ಮತ್ತು ದಕ್ಷಿಣ ವಿಯೆಟ್ನಾಂಗೂ ಅನ್ವಯ. ಜುಲೈ 1ಕ್ಕೆ ನಿಕ್ಸನ್ ಸಹಿ ಹಾಕಿದರು. ಪೂರಕ ಅಂದಾಜಿನಲ್ಲಿ ಒಂದು ಕಲಂ, ತಾತ್ಕಾಲಿಕ ನಿರ್ಣಯದಲ್ಲಿ ಇನ್ನೊಂದು. ಎರಡೂ ಕಡೆ ಹಾಕಿದ್ದು ಒಳ್ಳೆಯದಾಯಿತು, ಒಂದರಲ್ಲಿ ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತಿತ್ತು.

ಈಗಲ್ಟನ್ ಈ ರಾಜಿಯನ್ನು ವಿರೋಧಿಸಿದರು. ತನ್ನದೇ ತಿದ್ದುಪಡಿಯ ಗೆಲುವು ಅಂತ ಎಲ್ಲರೂ ಹೇಳುತ್ತಿದ್ದ ಹೊತ್ತಿನಲ್ಲಿ ಅವರು, ಇಲ್ಲಿಯವರೆಗೆ ಅನುಮತಿ ಇಲ್ಲದೆ ನಡೆಯುತ್ತಿದ್ದ ದಾಳಿಗೆ ನೀವೀಗ ಒಂದೂವರೆ ತಿಂಗಳ ಅನುಮತಿ ಕೊಡುತ್ತಿದ್ದೀರಿ ಅಂತ ಎಚ್ಚರಿಸಿದರು.

ಅವರ ಮಾತು ಸರಿ ಅನ್ನುವುದು ನನ್ನ ಅಭಿಪ್ರಾಯ. ಹೌಸ್ ತನ್ನ ಪಾಡಿಗೆ ಕೂತಿದ್ದರೆ ಎರಡೇ ದಿನದಲ್ಲಿ ಹಣ ಮುಗಿಯುತ್ತಿತ್ತು, 35 ಮತದ ಕೊರತೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಆದರೆ ಹಾಗೆ ಕೂತರೆ ಸರ್ಕಾರಿ ನೌಕರರ ಸಂಬಳ, ಪಿಂಚಣಿ ಎಲ್ಲ ನಿಲ್ಲಿಸಿದವರು ಇವರೇ ಅನ್ನುವ ಮಾತು ಬರುತ್ತಿತ್ತು. ಹಣದ ಅಸ್ತ್ರದ ಕಷ್ಟ ಇದು. ಯಾವ ಮಸೂದೆಗೆ ಕಟ್ಟಿದರೆ ಅಧ್ಯಕ್ಷರು ಬಗ್ಗುತ್ತಾರೋ, ಆ ಮಸೂದೆ ನಿಂತರೆ ಕಟ್ಟಿದವರಿಗೂ ನೋವಾಗುತ್ತದೆ.

ಒಂದೂವರೆ ತಿಂಗಳು

ಬ್ರೂಕ್ಲಿನ್‌ನಿಂದ ಗೆದ್ದು ಬಂದಿದ್ದ ಎಲಿಜಬೆತ್ ಹೋಲ್ಟ್‌ಜ್‌ಮನ್‌ಗೆ ಆಗ 31 ವರ್ಷ. ಐವತ್ತು ವರ್ಷ ಹೌಸ್‌ನಲ್ಲಿದ್ದ ಇಮ್ಯಾನುಯೆಲ್ ಸೆಲರ್ ಅವರನ್ನು ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಸೋಲಿಸಿ ಬಂದವರು. ವಾಯುಪಡೆಯ ಕೆಲವು ಅಧಿಕಾರಿಗಳನ್ನೂ ಜೊತೆ ಮಾಡಿಕೊಂಡು ಅವರು ಕೋರ್ಟಿಗೆ ಹೋದರು: ಕಾಂಗ್ರೆಸ್ ಒಪ್ಪದ ಈ ದಾಳಿ ಸಂವಿಧಾನಕ್ಕೆ ವಿರುದ್ಧ, ನಿಲ್ಲಿಸಿ.

ಜುಲೈ 25ಕ್ಕೆ ನ್ಯಾಯಾಧೀಶ ಆರಿನ್ ಜಡ್ ಅವರ ಪರ ತೀರ್ಪು ಕೊಟ್ಟರು. ಆ ತೀರ್ಪಿನ ಒಂದು ಮಾತು ಇಡೀ ವಿಷಯದ ತಿರುಳು. ಎರಡರಲ್ಲಿ ಯಾವುದಾದರೂ ಒಂದು ಮನೆಯಲ್ಲಿ ಮೂರನೇ ಒಂದಕ್ಕಿಂತ ಒಂದು ಮತ ಜಾಸ್ತಿ ಇದ್ದರೆ ಸಾಕು, ಅಧ್ಯಕ್ಷರು ಯುದ್ಧ ನಡೆಸಬಹುದು ಅನ್ನುವುದು ನಿಯಮ ಆಗಲಾರದು ಅಂತ ಅವರು ಹೇಳಿದರು. ಜೂನ್ 27ರ 241-173ನ್ನು ನೆನಪಿಸಿಕೊಳ್ಳಿ. ಯುದ್ಧ ಶುರು ಮಾಡಲು ಬಹುಮತ ಬೇಕು ಅಂತ ಸಂವಿಧಾನ ಬರೆದವರು ಅಂದುಕೊಂಡಿದ್ದರೆ, ವೀಟೊ ಅದನ್ನು ತಲೆಕೆಳಗು ಮಾಡಿ, ಯುದ್ಧ ನಿಲ್ಲಿಸಲು ಮೂರನೇ ಎರಡು ಬೇಕು ಅನ್ನುವ ಸ್ಥಿತಿಗೆ ತಂದಿತ್ತು.

ಮೇಲ್ಮನವಿ ಕೋರ್ಟ್ ತಕ್ಷಣ ತಡೆ ಕೊಟ್ಟಿತು. ತಡೆ ತೆಗೆಯಿರಿ ಅಂತ ಸುಪ್ರೀಂ ಕೋರ್ಟ್‌ನ ತರ್ಗುಡ್ ಮಾರ್ಷಲ್ ಅವರನ್ನು ಕೇಳಿದರು. ಈ ದಾಳಿ ಸಂವಿಧಾನಬಾಹಿರ ಅಂತ ತೀರ್ಮಾನ ಆಗಲೂಬಹುದು, ಆದರೆ ಒಬ್ಬನೇ ಕೂತು ಇಷ್ಟು ದೊಡ್ಡ ಆದೇಶ ಕೊಡಲಾರೆ ಅನ್ನುವ ಧಾಟಿಯಲ್ಲಿ ಆಗಸ್ಟ್ 1ಕ್ಕೆ ಅವರು ಇಲ್ಲ ಅಂದರು. ವಕೀಲರು ಸುಮ್ಮನಾಗಲಿಲ್ಲ. ಬೇಸಿಗೆ ರಜೆಗೆ ವಾಷಿಂಗ್ಟನ್ ರಾಜ್ಯದ ಗುಡ್ಡಗಾಡಿನ ಗೂಸ್ ಪ್ರೇರಿಯಲ್ಲಿದ್ದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಹತ್ತಿರ ಹೋದರು. ಆಗಸ್ಟ್ 3ಕ್ಕೆ ಹತ್ತಿರದ ಯಾಕಿಮಾ ಊರಿನಲ್ಲಿ ವಿಚಾರಣೆ ಆಯಿತು. ಮರುದಿನ ಡಗ್ಲಸ್ ತಡೆ ತೆಗೆದರು. ಇದನ್ನು ಮರಣದಂಡನೆಯ ಕೇಸಿನಂತೆ ನೋಡಬೇಕು, ಯಾರೋ ಸಾಯಲಿದ್ದಾರೆ, ಅದು ಕಾಂಬೋಡಿಯದ ರೈತ ಇರಬಹುದು, ಅಮೆರಿಕದ ಪೈಲಟ್ ಇರಬಹುದು ಅಂತ ಬರೆದರು. ಕೆಲವೇ ಗಂಟೆಗಳಲ್ಲಿ ಮಾರ್ಷಲ್ ಉಳಿದ ನ್ಯಾಯಮೂರ್ತಿಗಳ ಒಪ್ಪಿಗೆ ಪಡೆದು ಆ ಆದೇಶಕ್ಕೇ ತಡೆ ಹಾಕಿದರು.

ಇದಾದ ಎರಡು ಮೂರು ದಿನಗಳಲ್ಲೇ ಮೆಕಾಂಗ್ ನದಿ ದಂಡೆಯ ನಿಯಕ್ ಲುವಾಂಗ್ ಊರಿನ ಮೇಲೆ ಒಂದು ಬಿ-52 ತಪ್ಪಿ ಬಾಂಬ್ ಸುರಿಸಿತು. ಆ ಊರು ಶತ್ರುಗಳದ್ದಲ್ಲ, ಅಮೆರಿಕ ಯಾರನ್ನು ಕಾಪಾಡುತ್ತಿದ್ದೇವೆ ಅನ್ನುತ್ತಿತ್ತೋ ಆ ಲಾನ್ ನಾಲ್ ಸರ್ಕಾರದ ಹಿಡಿತದಲ್ಲಿದ್ದ ಊರು. ವಿಮಾನಗಳಿಗೆ ದಿಕ್ಕು ತೋರಿಸುವ ಬೀಕನ್ ಆ ಊರಿನೊಳಗೇ ಇತ್ತು. 137 ಜನ ಸತ್ತರು, 268 ಜನಕ್ಕೆ ಗಾಯ. ಪತ್ರಕರ್ತರನ್ನು ದೂರ ಇಡಲು ನೋಡಿದರು. ನ್ಯೂಯಾರ್ಕ್ ಟೈಮ್ಸ್‌ನ ಸಿಡ್ನಿ ಶಾನ್‌ಬರ್ಗ್ ದೋಣಿ ಹಿಡಿದು ಅಲ್ಲಿಗೆ ಹೋಗಿ, ನೋಡಿದ್ದನ್ನು ವರದಿ ಮಾಡಿದರು.

ಜುಲೈ 1ರ ಕಾಯ್ದೆ ಬಿಟ್ಟುಕೊಟ್ಟ ಆ ಒಂದೂವರೆ ತಿಂಗಳೊಳಗೇ ಇದು ನಡೆದದ್ದು. ಜೂನ್ 29ರ ರಾಜಿಯನ್ನು ಜಾಣ ರಾಜಕೀಯ ಅಂತ ಹೊಗಳುವವರು ಈ 137 ಜನರನ್ನೂ ಲೆಕ್ಕಕ್ಕೆ ಸೇರಿಸಬೇಕು.

ಆಗಸ್ಟ್ 8ಕ್ಕೆ ಮೇಲ್ಮನವಿ ಕೋರ್ಟ್ 2-1ರಿಂದ ಜಡ್ ತೀರ್ಪನ್ನು ರದ್ದು ಮಾಡಿತು. ಇದು ರಾಜಕೀಯ ಪ್ರಶ್ನೆ, ಕೋರ್ಟಿನ ಕೆಲಸ ಅಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಈಗಲ್ಟನ್ ಹೆದರಿದ್ದೇ: ಆಗಸ್ಟ್ 15 ಅಂತ ಗಡುವು ಕೊಟ್ಟ ಮೇಲೆ ಅಲ್ಲಿಯವರೆಗೆ ಕಾಂಗ್ರೆಸ್ ಒಪ್ಪಿದೆ ಅಂತಲೇ ಅರ್ಥ. ವಾರದ ನಂತರ ಗಡುವು ಬಂತು, ವಿಮಾನಗಳು ನಿಂತವು. ತುಂಬ ಕೆಟ್ಟ ಪರಿಣಾಮ ಆಗಬಹುದು ಅಂತ ಕಾಂಗ್ರೆಸ್ ನಾಯಕರಿಗೆ ಪತ್ರ ಬರೆದಿದ್ದ ನಿಕ್ಸನ್ ಕಾಯ್ದೆಯನ್ನೇನೋ ಪಾಲಿಸಿದರು. ಅಂದಹಾಗೆ ಮೆನು ದಾಳಿಗಳ ಸುಳ್ಳು ದಾಖಲೆಯ ಗುಟ್ಟು ಸೆನೆಟ್ ಸಮಿತಿಯ ಮುಂದೆ ಬಯಲಾದದ್ದೂ ಅದೇ ಜುಲೈನಲ್ಲಿ. ನವೆಂಬರ್ 7ಕ್ಕೆ, ಯುದ್ಧ ನಡೆಸುವ ಅಧ್ಯಕ್ಷರ ಅಧಿಕಾರಕ್ಕೆ ಮಿತಿ ಹಾಕುವ ಯುದ್ಧಾಧಿಕಾರ ನಿರ್ಣಯ ನಿಕ್ಸನ್ ವೀಟೊವನ್ನೂ ಮೀರಿ ಪಾಸಾಯಿತು, ಈ ಸಲ ಮೂರನೇ ಎರಡು ಮತ ಸಿಕ್ಕಿತು.

ಯಾರ ತಪ್ಪು?

1975ರ ಏಪ್ರಿಲ್ 17ಕ್ಕೆ ಖಮೇರ್ ರೂಜ್ ನಾಮ್ ಪೆನ್ ಹಿಡಿಯಿತು. ಮುಂದಿನ ನಾಲ್ಕು ವರ್ಷಕ್ಕೂ ಕಡಿಮೆ ಅವಧಿಯಲ್ಲಿ 15ರಿಂದ 20 ಲಕ್ಷ ಜನ ಸತ್ತರು. ಕೊಲೆ, ಹಸಿವು, ದುಡಿತ. ಕಾಂಗ್ರೆಸ್ ಕೈಕಟ್ಟಿದ್ದರಿಂದಲೇ ಇದು ಆಯಿತು ಅಂತ ನಿಕ್ಸನ್, ಅವರ ವಿದೇಶಾಂಗ ಸಚಿವರಾಗಿದ್ದ ಹೆನ್ರಿ ಕಿಸಿಂಜರ್ ಇಬ್ಬರೂ ಆಮೇಲೆ ಹೇಳುತ್ತಾ ಬಂದರು.

ಈ ಆರೋಪವನ್ನು ಸುಲಭವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1973ರ ಮಳೆಗಾಲದಲ್ಲಿ ರಾಜಧಾನಿಯತ್ತ ನುಗ್ಗುತ್ತಿದ್ದ ಖಮೇರ್ ರೂಜ್ ಪಡೆಯನ್ನು ಬಾಂಬ್ ತಡೆದದ್ದು ನಿಜ. ಆದರೆ ಬಾಂಬ್ ನಿಂತ ಮೇಲೂ ನಾಮ್ ಪೆನ್ 20 ತಿಂಗಳು ಬೀಳಲಿಲ್ಲ, ಆಯುಧ ಮತ್ತು ಹಣದ ನೆರವು ಆ ಕಾಯ್ದೆಯ ನಂತರವೂ ಹೋಗುತ್ತಲೇ ಇತ್ತು. ಕಾಯ್ದೆ ನಿಲ್ಲಿಸಿದ್ದು ಅಮೆರಿಕದ ಪಡೆಗಳ ಹೋರಾಟವನ್ನು ಮಾತ್ರ. ಲಾನ್ ನಾಲ್ ಸೇನೆಯ ಭ್ರಷ್ಟಾಚಾರ ಯಾವ ಕಾಯ್ದೆಯಿಂದ ಬಂದದ್ದೂ ಅಲ್ಲ. ಸತ್ತ ಸೈನಿಕರ ಹೆಸರಲ್ಲಿ ಸಂಬಳ ಎತ್ತುತ್ತಿದ್ದ ಅಧಿಕಾರಿಗಳು ಅಲ್ಲಿದ್ದರು. ಇನ್ನು, ಊರುಗಳ ಮೇಲೆ ಬಿದ್ದ ಬಾಂಬು ಹಳ್ಳಿಯ ಎಷ್ಟು ಹುಡುಗರನ್ನು ಖಮೇರ್ ರೂಜ್ ಕಡೆಗೆ ತಳ್ಳಿತು ಅನ್ನುವುದನ್ನು ಬಿಟ್ಟು ಕಾಂಗ್ರೆಸ್ ಮೇಲೆ ಮಾತ್ರ ತಪ್ಪು ಹೊರಿಸುವುದು ಅನ್ಯಾಯ. ಕೊಂದವರು ಖಮೇರ್ ರೂಜ್. ಆ ದೇಶವನ್ನು ಅಷ್ಟು ಛಿದ್ರ ಮಾಡಿದ್ದರಲ್ಲಿ 1969ರಿಂದ ನಡೆದ ದಾಳಿಯ ಪಾಲು ದೊಡ್ಡದು.

ಕಾಯ್ದೆಯ ಬಿಗಿ ಎಷ್ಟು ಅಂತ ತಿಳಿದದ್ದು 1975ರ ಮೇನಲ್ಲಿ. ಆಗ ಅಧ್ಯಕ್ಷರಾಗಿದ್ದವರು ಜೂನ್ 29ರಂದು ಫೋನ್ ಮಾಡಿದ ಅದೇ ಫೋರ್ಡ್. ಮಾಯಾಗ್ವೆಜ್ ಅನ್ನುವ ಅಮೆರಿಕದ ಸರಕು ಹಡಗನ್ನು ಖಮೇರ್ ರೂಜ್ ಹಿಡಿಯಿತು. ಫೋರ್ಡ್ ಮರೀನ್ ಸೈನಿಕರನ್ನು ಕಾಂಬೋಡಿಯದ ದ್ವೀಪಕ್ಕೆ ಇಳಿಸಿದರು, ವಿಮಾನಗಳಿಂದ ದಾಳಿ ಮಾಡಿಸಿದರು. 41 ಅಮೆರಿಕನ್ನರು ಸತ್ತರು. ಕರಾವಳಿಯಾಚೆಯಿಂದಲೂ ಹೋರಾಟಕ್ಕೆ ಹಣವಿಲ್ಲ ಅನ್ನುವ ಕಾಯ್ದೆ ಜಾರಿಯಲ್ಲೇ ಇತ್ತು. ನಾಗರಿಕರನ್ನು ಕಾಪಾಡುವುದು ತನ್ನ ಸಂವಿಧಾನದತ್ತ ಅಧಿಕಾರ ಅನ್ನುವುದು ಫೋರ್ಡ್ ನಿಲುವು. ಕಾಂಗ್ರೆಸ್‌ನಲ್ಲಿ ಹೆಚ್ಚಿನವರು ಚಪ್ಪಾಳೆ ತಟ್ಟಿದರು. ಎರಡು ವರ್ಷ ಮೊದಲು ಅಷ್ಟು ಕಷ್ಟಪಟ್ಟು ಗೆದ್ದ ಕಲಂ ಅದು. ನಾಲ್ಕು ದಿನದ ಕಾರ್ಯಾಚರಣೆ ಆದ್ದರಿಂದ ಹಣದ ತಡೆ ಅಲ್ಲಿ ತಾಗಲೇ ಇಲ್ಲ. ತಿಂಗಳುಗಟ್ಟಲೆ ನಡೆಯುವ ಯುದ್ಧವನ್ನು ಹಿಡಿಯಬಲ್ಲ ಕಾಯ್ದೆ ವಾರದೊಳಗೆ ಮುಗಿಯುವ ದಾಳಿಯನ್ನು ಹಿಡಿಯಲಾರದು.

ದಿನಾಂಕ ಹಾಕಿ ಹಣ ನಿಲ್ಲಿಸುವ ಆ ಮಾದರಿ ಮುಂದೆಯೂ ಬಳಕೆಯಾಯಿತು. 1993ರ ಅಕ್ಟೋಬರ್‌ನಲ್ಲಿ ಮೊಗದಿಶುವಿನಲ್ಲಿ 18 ಸೈನಿಕರು ಸತ್ತ ಮೇಲೆ, 1994ರ ಮಾರ್ಚ್ 31ರ ನಂತರ ಸೊಮಾಲಿಯದ ಕಾರ್ಯಾಚರಣೆಗೆ ಹಣ ಇಲ್ಲ ಅನ್ನುವ ಸೆನೆಟರ್ ರಾಬರ್ಟ್ ಬರ್ಡ್ ತಿದ್ದುಪಡಿ ಪಾಸಾಯಿತು. ಆ ದಿನಾಂಕವನ್ನು ಕ್ಲಿಂಟನ್ ಅವರೇ ಒಪ್ಪಿದ್ದರಿಂದ ಜಗಳ ಆಗಲಿಲ್ಲ.

ನಿಕರಾಗುವದಲ್ಲಿ ಕತೆ ಬೇರೆ ಆಯಿತು. ಅಲ್ಲಿನ ಕಾಂಟ್ರಾ ಬಂಡುಕೋರರಿಗೆ ನೆರವು ನಿಲ್ಲಿಸುವ ಬೋಲಂಡ್ ತಿದ್ದುಪಡಿ 1984ರ ಅಕ್ಟೋಬರ್‌ನಲ್ಲಿ ಸಿಐಎ, ರಕ್ಷಣಾ ಇಲಾಖೆ ಮತ್ತು ಗುಪ್ತಚರ ಕೆಲಸದಲ್ಲಿರುವ ಬೇರೆ ಸಂಸ್ಥೆಗಳ ಹಣವನ್ನು ಕಟ್ಟಿಹಾಕಿತು. ರಾಷ್ಟ್ರೀಯ ಭದ್ರತಾ ಮಂಡಳಿ ಈ ಪಟ್ಟಿಯಲ್ಲಿ ಬರುವುದಿಲ್ಲ ಅಂತ ರೇಗನ್ ಕಡೆಯವರು ವಾದಿಸಿದರು. ಆ ಮಂಡಳಿಯ ಆಲಿವರ್ ನಾರ್ತ್ ಇರಾನಿಗೆ ಆಯುಧ ಮಾರಿ ಬಂದ ಲಾಭವನ್ನು ಕಾಂಟ್ರಾಗಳಿಗೆ ತಿರುಗಿಸಿದ. ಸೌದಿ ಅರೇಬಿಯಾದಿಂದ ಮೂರು ಕೋಟಿ ಡಾಲರ್‌ಗೂ ಜಾಸ್ತಿ ಹಣ ಬಂತು. 1986ರ ನವೆಂಬರ್‌ನಲ್ಲಿ ಎಲ್ಲ ಬಯಲಾಗುವವರೆಗೆ ಇದು ನಡೆಯಿತು. ಈಗಲ್ಟನ್ ತಿದ್ದುಪಡಿ ಮುಚ್ಚಿದ್ದು ಬೊಕ್ಕಸದ ಒಳಗಿನ ದಾರಿಗಳನ್ನು, ಕಾಂಗ್ರೆಸ್ ಮಂಜೂರು ಮಾಡಿದ ಹಣ ಯಾವ ಮೂಲೆಯಲ್ಲಿದ್ದರೂ ಅದು ಹಿಡಿಯುತ್ತಿತ್ತು. ನಾರ್ತ್ ತಂದದ್ದು ಕಾಂಗ್ರೆಸ್ ಯಾವತ್ತೂ ಮಂಜೂರು ಮಾಡದ ಹಣ.